ಕೆಂಪು ಕಾರಿನ ಹಳದಿ ಹೂವು

ಸೋಮವಾರ ಬೆಳಿಗ್ಗೆ ಸಂಜಯನಗರದ ಆ ಸೆಕೆಂಡ್ ಹ್ಯಾಂಡ್ ಕಾರಿನ ಅಂಗಡಿಗೆ ಹೋದಾಗ ದೊಡ್ಡಮುನಿಯಪ್ಪನವರ ಕಣ್ಣಿಗೆ ಮೊದಲು ಬಿದ್ದದ್ದು ಕಾರಲ್ಲ, ಅದರ ಬಾನೆಟ್ ಮೇಲೆ ಮಲಗಿದ್ದ ಬೆಕ್ಕು. ಕೆಂಪು ಬಣ್ಣದ ಮೇಲೆ ಬಿಳೀ ಬೆಕ್ಕು, ಕಾಲು ಚಾಚಿಕೊಂಡು, ಮಾಗಿಯ ಚಳಿ ಊರಿಗೆಲ್ಲ ಇದ್ದರೂ ತನಗಿಲ್ಲ ಎನ್ನುವಂತೆ ಮಲಗಿತ್ತು.

ಕಾರು ಕೊಳ್ಳುವವಳು ಅವರ ಮೊಮ್ಮಗಳು ಮೋನಿಕಾ. ಅವಳಿಗೆ ಭಾನುವಾರದ ಕಾರು ಓಟಗಳ ಹುಚ್ಚು. ಗಾಡಿ ಚಿಕ್ಕದಿರಬೇಕು, ಎಂಜಿನ್ ಮಾತ್ರ ಹುಲಿಯಂತಿರಬೇಕು ಎಂದು ವರ್ಷವೆಲ್ಲ ಹುಡುಕಿ, ಕೊನೆಗೆ ಆರ್.ಟಿ. ನಗರದ ಸರ್ಫರಾಜನ ಈ ಹಳೆಯ ಟರ್ಬೊ ಕಾರಿಗೆ ಮನಸೋತಿದ್ದಳು. ಕಾರನ್ನು ನೋಡಿ ಹೇಳುವ ಹೊಣೆಯನ್ನು ದೊಡ್ಡಮುನಿಯಪ್ಪ ತಮ್ಮ ಬಾಲ್ಯದ ಗೆಳೆಯ, ಬ್ಯಾಟರಾಯನಪುರದ ಮೆಕ್ಯಾನಿಕ್ ಮುನಿಯಣ್ಣನಿಗೆ ವಹಿಸಿದ್ದರು. ಮುನಿಯಣ್ಣ ಶನಿವಾರವೇ ತನ್ನ ಗ್ಯಾರೇಜಿನಲ್ಲಿ ಅದರ ಎಣ್ಣೆ ನೋಡಿ, ಹೊಗೆ ನೋಡಿ, ಹೆಬ್ಬಾಳದ ಫ್ಲೈಓವರ್ ಹತ್ತಿಸಿ ಇಳಿಸಿ, "ಕಣ್ಮುಚ್ಚಿ ತಗೊಳವ್ವ" ಎಂದಿದ್ದ. ಭಾನುವಾರ ಕಾರು ಪಾಲಿಶ್ ಮಾಡಿಸಿಕೊಂಡು, ಸಂಜೆ ಈ ಅಂಗಡಿಗೆ ಬಂದು ನಿಂತಿತ್ತು. ಅಂಗಡಿಯ ನಾಗಭೂಷಣ ಈ ವ್ಯಾಪಾರಕ್ಕೆ ದಲ್ಲಾಳಿ.

"ಬನ್ನಿ ಗೌಡ್ರೇ, ಬನ್ನಿ! ಸಿಂಗಲ್ ಓನರ್, ಪೇಪರ್ ಕ್ಲಿಯರ್. ಸೈನ್ ಹಾಕಿ, ಕೀ ತಗೊಳ್ಳಿ" ಎಂದು ನಾಗಭೂಷಣ ಕೈ ಜೋಡಿಸಿದ.

ದೊಡ್ಡಮುನಿಯಪ್ಪ ಆಕಾಶ ನೋಡಿದರು. "ಈಗ ರಾಹುಕಾಲ ಕಣಪ್ಪ. ಮುಗೀಲಿ."

"ತಾತಾ, ಪ್ಲೀಸ್!" ಎಂದಳು ಮೋನಿಕಾ.

"ಅದೇನ್ ಓಡೋಗ್ತದಾ? ಇಂಗೆ ನೆಳ್ಳಲ್ಲಿ ಕೂತ್ಕೋ. ಬೆಳಿಗ್ಗೆ ಗಾಡಿ ತೆಗ್ದಿದ್ರಾ ನಾಗಭೂಷಣ?"

"ಇಲ್ಲ ಗೌಡ್ರೇ. ನಿನ್ನೆ ಸಂಜೆ ಬಂದು ನಿಂತಿದ್ದು, ಇನ್ನೂ ಯಾರೂ ಕೀ ಹಾಕಿಲ್ಲ."

ನಾಗಭೂಷಣನ ಮುಖದ ಮೇಲಿನ ನಗು ಸ್ವಲ್ಪ ಸಣ್ಣದಾಯಿತು. ದೊಡ್ಡಮುನಿಯಪ್ಪ ಕೈ ತೊಳೆಯಲು ನಲ್ಲಿಯ ಪಕ್ಕದ ನೀಲಿ ಡ್ರಮ್ಮಿನ ಬಳಿಗೆ ಹೋದರು. ಡ್ರಮ್ಮಿನ ಮೇಲೆ ಮಾಸಿದ ಹಳದಿ ಹೂವೊಂದು ಮೂಡಿತ್ತು, ನಡುವೆ ಕೆಂಪು ಬೊಟ್ಟು. ಅಂಥದೇ ಹೂವು ಗೇಟಿನ ಮೇಲೂ ಇತ್ತು. ಚೆನ್ನಾಗಿದೆಯಲ್ಲ ಎಂದುಕೊಂಡು ಕೈ ಒರೆಸಿಕೊಂಡರು. ಮೂಲೆಯಲ್ಲಿ ಶೀಟು ಹೊದಿಸಿದ ಇನ್ನೊಂದು ಗಾಡಿ ನಿಂತಿತ್ತು. ಶೀಟಿನ ಕೆಳಗೆ ಕಂಡ ಚಕ್ರಗಳು ಕೆಂಪು ಕಾರಿನವುಗಳಂತೆಯೇ ಇದ್ದವು.

"ಇದ್ಯಾರ್ದು?"

"ಅದು ಡೆಡ್ ಗಾಡಿ ಗೌಡ್ರೇ. ತಿಂಗಳುಗಳಿಂದ ಅಲ್ಲಾಡಿಲ್ಲ."

ಅಷ್ಟರಲ್ಲಿ ಮುನಿಯಣ್ಣನೂ ಸರ್ಫರಾಜನೂ ಬಂದರು. ಎಲ್ಲರೂ ಕಾಯುತ್ತಿದ್ದಂತೆ ಬೆಕ್ಕು ಎದ್ದು ಮೈ ಮುರಿದು, ಬಾನೆಟ್ಟಿನಿಂದ ಇಳಿದು ಬಿಸಿಲಿನ ಕಡೆಗೆ ಹೋಯಿತು. ಸುಮ್ಮನೆ ಕೂರಲಾಗದ ಮೋನಿಕಾ, ಸದ್ದಾದರೂ ಕೇಳೋಣ ಎಂದು ಕೀ ತಿರುಗಿಸಿದಳು.

ಸದ್ದೇನೋ ಬಂತು. ಅದರ ಹಿಂದೆಯೇ ನೀಲಿ ಹೊಗೆಯೂ ಬಂತು, ಹೋಮ ಮಾಡಿದ ಹಾಗೆ.

ಮುನಿಯಣ್ಣ ತಲೆಗೆ ಸುತ್ತಿದ್ದ ಬಿಳಿ ಟವಲ್ ಬಿಚ್ಚಿ ಸೈಲೆನ್ಸರ್ ಬಾಯಿಗೆ ಹಿಡಿದ. ಟವಲ್ಲಿನ ಮೇಲೆ ಎಣ್ಣೆಯ ಕಪ್ಪು ಉಂಗುರ ಮೂಡಿತು. ಎಂಜಿನ್ ಆರಿಸಿ, ಬಾನೆಟ್ ಎತ್ತಿ, ಗಾಳಿಯ ಪೈಪ್ ಕಳಚಿ ಒಳಗೆ ಬೆರಳಿಟ್ಟ. ಎಂಜಿನ್ನಿಗೆ ಗಾಳಿ ತುಂಬಿ ಬಲ ಕೊಡುವ, ಬಸವನಹುಳುವಿನ ಆಕಾರದ ಟರ್ಬೊ ಅಲ್ಲಿರುತ್ತದೆ. ಅದರ ನಡುಗಂಬಿ ಹಾಲುಹಲ್ಲಿನಂತೆ ಅಲ್ಲಾಡಿತು.

"ಶನಿವಾರ ಇದು ಇಂಗಿರ್ಲಿಲ್ಲ" ಎಂದ ಮುನಿಯಣ್ಣ. ಅವನ ದನಿ ಅವನಿಗೇ ಕೇಳುತ್ತಿರಲಿಲ್ಲ.

"ಇರ್ಲಿಲ್ಲ ಅಂದ್ರೆ?" ಸರ್ಫರಾಜ್ ಸಿಡಿದ. "ಮಗು ಥರಾ ಸಾಕಿದ್ದೀನಿ ಈ ಗಾಡೀನ. ಬಾನೆಟ್ ಎತ್ತಿ ಕೈ ಹಾಕಿದ್ದು ನೀವೊಬ್ರೇ. ನನ್ನ ಟರ್ಬೊ ಬಿಚ್ಚಿ ಹಳೇದು ಹಾಕಿದ್ದೀರಾ!"

"ನನ್ನ ಹತ್ರ ಒಂದು ಸ್ಪ್ಯಾನರ್ ಕೂಡ ಇಲ್ಲಪ್ಪ" ಎಂದು ನಾಗಭೂಷಣ ತಕ್ಷಣ ಹಿಂದೆ ಸರಿದ. "ಗ್ಯಾರೇಜ್ ಇರೋರನ್ನ ಕೇಳಿ."

ಮುನಿಯಣ್ಣ ಕಪ್ಪಾದ ಟವಲ್ಲನ್ನು ತಲೆಗೆ ಸುತ್ತದೆ ಹೆಗಲ ಮೇಲೆ ಹಾಕಿಕೊಂಡ. "ಗೌಡ, ಕಳ್ಳ ಅನ್ನಿಸ್ಕೊಂಡ್ಮೇಲೆ ನಾಳೆಯಿಂದ ಷಟರ್ ಎತ್ತಲ್ಲ" ಎಂದ. ಬಿಸಿಲಲ್ಲಿ ಬರಿತಲೆಯಲ್ಲಿ ನಿಂತ ಗೆಳೆಯನನ್ನು ದೊಡ್ಡಮುನಿಯಪ್ಪ ನೋಡಿದರು. ಅವನನ್ನು ಕರೆತಂದವರು ಅವರೇ.

ಅವರು ಮೊಬೈಲ್ ತೆಗೆದು ಒಂದೇ ಒಂದು ಕಡೆಗೆ ಫೋನ್ ಮಾಡಿದರು. "ತಾಹೆರಮ್ಮ, ಒಸಿ ಬರ್ತೀರಾ?"

ತಾಹೆರಾ ಜಕ್ಕೂರಿನಲ್ಲಿ ದೊಡ್ಡಮುನಿಯಪ್ಪನವರ ಮನೆಯ ಮಹಡಿಯ ಬಾಡಿಗೆದಾರರು. ಗುದ್ದಿದ ಗಾಡಿಗಳನ್ನು ಪರೀಕ್ಷಿಸಿ ಯಾರು ನಿಜ, ಯಾರು ಸುಳ್ಳು ಎಂದು ವಿಮೆ ಕಂಪನಿಗೆ ಹೇಳುವ ಸರ್ವೇಯರ್ ಆಗಿದ್ದು ನಿವೃತ್ತರಾದವರು. ಊರಲ್ಲಿ ಕಳೆದುಹೋದ ಕೋಳಿಯಿಂದ ಹಿಡಿದು ಅದಲುಬದಲಾದ ಉಂಗುರದವರೆಗೆ ಏನೇ ಆದರೂ ಜನ ಅವರ ಮೆಟ್ಟಿಲು ಹತ್ತುತ್ತಿದ್ದರು. ಹಿಂದೆ ಹಿಂದೆ ಮನೆ ಮಾಲೀಕರೂ ಹತ್ತುತ್ತಿದ್ದರು, ಏನಾಗುತ್ತದೋ ನೋಡಲು.

ಆಟೊದಿಂದ ಇಳಿದ ತಾಹೆರಾ ಮೊದಲು ಕಾರಿನ ಸುತ್ತ ಒಂದು ಸುತ್ತು ಬಂದರು. ಮೈಯೆಲ್ಲ ಕನ್ನಡಿಯಂತೆ ಹೊಳೆಯುವ ಕಾರಿನ ಮುಂದಿನ ನಂಬರ್ ಪ್ಲೇಟಿನ ಮೇಲೆ ಮಾತ್ರ ಸಣ್ಣ ಸಣ್ಣ ಹುಳುಗಳು ಅಪ್ಪಚ್ಚಿಯಾಗಿ ಅಂಟಿದ್ದವು. ಅವರು ಅದನ್ನು ದೊಡ್ಡಮುನಿಯಪ್ಪನವರಿಗೆ ಬೆರಳಲ್ಲಿ ತೋರಿಸಿ, "ಮುನಿಯಪ್ಪನೋರೇ, ನೋಡಿದ್ರಾ?" ಎಂದರು.

"ಉಳ."

"ಹೌದು, ಹುಳ." ಡ್ರೈವರ್ ಸೀಟನ್ನು ನೋಡಿದರು. ಅದು ಸ್ಟೀರಿಂಗಿಗೆ ಅಂಟುವಷ್ಟು ಮುಂದಕ್ಕಿತ್ತು. ಸರ್ಫರಾಜನೋ ತೆಂಗಿನಮರದ ಹಾಗಿದ್ದವನು.

ಆಮೇಲೆ ಚೀಲದಿಂದ ಟಾರ್ಚನ್ನೂ ಉದ್ದ ಕಡ್ಡಿಗೆ ಕಟ್ಟಿದ ಪುಟ್ಟ ಕನ್ನಡಿಯನ್ನೂ ತೆಗೆದು ಎಂಜಿನ್ನಿನ ಹಿಂದಕ್ಕೆ ಇಳಿಬಿಟ್ಟರು. "ನೀವೂ ನೋಡಿ." ದೊಡ್ಡಮುನಿಯಪ್ಪ ಕಣ್ಣು ಕಿರಿದು ಮಾಡಿದರು. ಟರ್ಬೊದ ಬೆನ್ನಿಗೆ, ಧೂಳಿನಡಿ, ಅರಿಶಿನದ ಹಳದಿ. ನಡುವೆ ಕುಂಕುಮ. ಅರಿಶಿನದ ಅಂಚು ಗುಂಡಗಿರಲಿಲ್ಲ, ಅಲೆ ಅಲೆಯಾಗಿತ್ತು.

"ಅರಿಶಿನ ಕುಂಕುಮ!" ಸರ್ಫರಾಜನೂ ಬಗ್ಗಿ ನೋಡಿದ. "ಆಯುಧಪೂಜೆದು. ಇನ್ನೇನ್ ಬೇಕು ಖಾಲಾ? ಇವ್ರ ಗ್ಯಾರೇಜಲ್ಲಿ ಪ್ರತಿ ವರ್ಷ ಜೋರಾಗಿ ಪೂಜೆ ಮಾಡ್ತಾರೆ."

"ನಿಮ್ಮ ಗಾಡಿ ಆ ದಿನ ಎಲ್ಲಿತ್ತಪ್ಪ?"

"ನಮ್ಮನೇಲಿ, ಶೀಟ್ ಹೊದ್ಕೊಂಡು."

"ಹಾಗಾದ್ರೆ ಒಂದು ಮಾತು ಖರೆ. ಈ ಟರ್ಬೊ ಆ ದಿನ ನಿಮ್ಮ ಗಾಡೀಲಿ ಇರ್ಲಿಲ್ಲ." ತಾಹೆರಾ ಕನ್ನಡಿ ಒರೆಸಿಕೊಂಡರು. "ಪಾಲಿಶ್ ಮಾಡಿದ್ದು ಯಾರು?"

"ನನ್ನ ದೋಸ್ತ್ ಹುಜೈಫಾ. ಹೆಬ್ಬಾಳದಲ್ಲಿ."

"ಮಧ್ಯಾಹ್ನ ಅವನನ್ನೂ ಇಲ್ಲಿಗೆ ಕರೆಸಿ. ನಾಗಭೂಷಣ್, ನಿಮ್ಮ ತಾಯಿ ಪಕ್ಕದ ಮನೇಲೇ ಇರೋದಲ್ವಾ? ದೊಡ್ಡೋರು, ಅವರೂ ಬರ್ಲಿ. ಮುನಿಯಪ್ಪನೋರೇ, ನಡೀರಿ, ಮುನಿಯಣ್ಣನ ಗ್ಯಾರೇಜ್ ನೋಡ್ಕೊಂಡು ಬರೋಣ."

ಮುನಿಯಣ್ಣನ ಗ್ಯಾರೇಜಿನಲ್ಲಿ ಜಾಕಿನ ಮೇಲೂ, ಗೋಡೆಗೆ ತೂಗುಬಿಟ್ಟ ಸ್ಪ್ಯಾನರುಗಳ ಮೇಲೂ ದಸರೆಯ ಗುರುತು ಇನ್ನೂ ಇತ್ತು: ಮೂರು ಬೆರಳಿನ ವಿಭೂತಿ ಪಟ್ಟೆ, ನಡುವೆ ಕುಂಕುಮ. ಅರಿಶಿನ ಎಲ್ಲೂ ಇರಲಿಲ್ಲ. ದೊಡ್ಡಮುನಿಯಪ್ಪ ಉಸಿರು ಬಿಟ್ಟರು. "ಇವರಪ್ಪನ ಕುಲುಮೇಲೂ ಇಂಗೇ ಹಚ್ತಿದ್ದಿದ್ದು ತಾಹೆರಮ್ಮ. ನಂಗೆ ಗ್ಯಾಪಕ ಅದೆ."

"ನಿಮ್ಮ ಜ್ಞಾಪಕ ಒಳ್ಳೇದು. ಹಂಗಾದ್ರೆ ಹಳದಿ ಹೂವು ಎಲ್ಲಿ ನೋಡಿದ್ರಿ, ಅದನ್ನೂ ಜ್ಞಾಪಿಸ್ಕೊಳ್ಳಿ. ಅಷ್ಟರಲ್ಲಿ ಅರ್ಧ ಕೆ.ಜಿ. ಬೆಂಡೆಕಾಯಿ ತಗೊಳ್ಳಿ."

"ಬೆಂಡೇಕಾಯಾ? ಊಟಕ್ಕಾ?"

"ಊಟಕ್ಕೂ ಆಗುತ್ತೆ."

ಮಧ್ಯಾಹ್ನ ಎಲ್ಲರೂ ಅಂಗಡಿಯ ಅಂಗಳದಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕೂತರು. ಹುಜೈಫಾ ಕೂತರೆ ಕಾಲು ನೆಲಕ್ಕೆ ಎಟುಕದಷ್ಟು ಕುಳ್ಳ. ನಾಗಭೂಷಣನ ತಾಯಿ ವೆಂಕಟಲಕ್ಷ್ಮಮ್ಮ ಕಾಫಿ ತಂದಿದ್ದರು. ಮುನಿಯಣ್ಣ ಮಾತ್ರ ಬರಿತಲೆಯಲ್ಲಿ ಗೇಟಿಗೆ ಒರಗಿ ನಿಂತಿದ್ದ.

"ಮೊದಲ ಸಾಕ್ಷಿ ಹುಳ" ಎಂದು ತಾಹೆರಾ ಶುರು ಮಾಡಿದರು. "ಪಾಲಿಶ್ ಆದ ಗಾಡಿ ಮೇಲೆ ಹುಳ ಹೆಂಗೆ ಬಂತು? ಹೆಬ್ಬಾಳದಿಂದ ಇಲ್ಲಿಗೆ ಟ್ರಾಫಿಕ್ಕಲ್ಲಿ ತೆವಳ್ಕೊಂಡು ಬಂದ್ರೆ ಹುಳ ತಾನೇ ಹಾರಿ ಪಕ್ಕಕ್ಕೆ ಹೋಗುತ್ತೆ. ಪಾಲಿಶ್ ಆದ್ಮೇಲೆ ಯಾರೋ ಸಂಜೆ ಹೊತ್ತಲ್ಲಿ ಜೋರಾಗಿ ಓಡಿಸಿದ್ದಾರೆ. ಸೀಟು ಮುಂದಕ್ಕೆ ಎಳ್ಕೊಂಡವರು. ಅಲ್ವಾ ಹುಜೈಫಾ?"

ಹುಜೈಫಾನ ಕಿವಿ ಕೆಂಪಾಯಿತು. "ಒಂದೇ ರೌಂಡ್ ಖಾಲಾ. ಏರ್‌ಪೋರ್ಟ್ ರೋಡಲ್ಲಿ. ಸ್ಪೀಡ್ ಲಿಮಿಟ್ ಒಳಗೇ."

"ಹುಳಗಳು ಬೇರೆ ಹೇಳ್ತಿವೆ."

"ಅಬೇ, ನಂಗೇ ಸುಳ್ಳಾ?" ಸರ್ಫರಾಜ್ ಎದ್ದು ನಿಂತ. "ನನ್ನ ತಮ್ಮನಿಗೇ ಕೀ ಕೊಡಲ್ಲ ನಾನು!"

"ಅದಕ್ಕೇ ಹೇಳ್ಲಿಲ್ಲ ಮಚ್ಚಾ!"

"ಕೂತ್ಕೊಳ್ಳಪ್ಪ" ಎಂದರು ತಾಹೆರಾ. "ಹುಜೈಫಾ, ಗಾಡಿ ಹೆಂಗಿತ್ತು?"

ಹುಜೈಫಾನ ಕಣ್ಣು ಅರಳಿತು. "ಬೆಣ್ಣೆ ಖಾಲಾ! ಕಾಲಿಟ್ರೆ ಸೀಟಿಗೆ ಒತ್ತಿಬಿಡ್ತಿತ್ತು. ಹೊಗೆ ಗಿಗೆ ಏನಿಲ್ಲ."

"ಅಂದ್ರೆ ಭಾನುವಾರ ಸಂಜೆ ಈ ಗೇಟೊಳಗೆ ಬರೋವರೆಗೆ ಟರ್ಬೊ ಸರಿಯಾಗಿತ್ತು. ಶನಿವಾರ ನೋಡಿದ ಮುನಿಯಣ್ಣ ಸುಳ್ಳು ಹೇಳಿಲ್ಲ, ಏನೂ ಬಿಚ್ಚೂ ಇಲ್ಲ."

ಗೇಟಿನ ಬಳಿ ಮುನಿಯಣ್ಣ ತಲೆ ಎತ್ತಿದ.

"ಎರಡನೇ ಸಾಕ್ಷಿ ಬೆಕ್ಕು. ಮುನಿಯಪ್ಪನೋರು ಹೇಳಿದ್ರು, ಬೆಳಿಗ್ಗೆ ಬಾನೆಟ್ ಮೇಲೆ ಮಲಗಿತ್ತು, ಆಮೇಲೆ ಬಿಸಿಲಿಗೆ ಹೋಯ್ತು ಅಂತ. ಈ ಚಳೀಲಿ ಬೆಕ್ಕು ತಣ್ಣನೆ ಕಬ್ಬಿಣದ ಮೇಲೆ ಮಲಗಲ್ಲ. ನೀವು ಬರೋ ಮೊದಲೇ ಯಾರೋ ಎಂಜಿನ್ ಬಿಸಿ ಮಾಡಿದ್ರು, ಹೊಗೆಯೆಲ್ಲ ಮುಂಚೇನೇ ಹೋಗಿಬಿಡ್ಲಿ ಅಂತ. ಬಂದ ತಕ್ಷಣ ಸೈನ್ ಹಾಕಿದ್ದಿದ್ರೆ ಯಾರಿಗೂ ತಿಳೀತಿರ್ಲಿಲ್ಲ. ಆದ್ರೆ ರಾಹುಕಾಲ ಮುಗಿಯೋ ಹೊತ್ತಿಗೆ ಎಂಜಿನ್ ತಣ್ಣಗಾಯ್ತು."

"ನಾನೇಳ್ಲಿಲ್ವಾ?" ದೊಡ್ಡಮುನಿಯಪ್ಪ ಮೊಮ್ಮಗಳ ಕಡೆ ನೋಡಿ ಮೀಸೆ ನೀವಿಕೊಂಡರು.

"ಕೀ ಯಾರೂ ಹಾಕಿಲ್ಲ ಅಂದಿದ್ದು ಯಾರು?" ಎಂದಳು ಮೋನಿಕಾ. ಎಲ್ಲರೂ ನಾಗಭೂಷಣನತ್ತ ತಿರುಗಿದರು.

"ಮೇಡಂ, ಬೆಕ್ಕು, ಹುಳ, ಇದೆಲ್ಲ ಸಾಕ್ಷೀನಾ?" ಅವನು ನಕ್ಕ. "ಸ್ಪ್ಯಾನರ್ ಇಲ್ದಿರೋನು ಟರ್ಬೊ ಬಿಚ್ತಾನಾ?"

ತಾಹೆರಾ ಚೀಲದಿಂದ ಒಂದು ಬೆಂಡೆಕಾಯಿ ತೆಗೆದು, ಚಾಕುವಿನಿಂದ ಅಡ್ಡಕ್ಕೆ ಕತ್ತರಿಸಿದರು. ಕತ್ತರಿಸಿದ ತುದಿಯನ್ನು ಕಲಸಿದ ಅರಿಶಿನದಲ್ಲಿ ಅದ್ದಿ, ಒಂದು ಬಿಳಿ ತಟ್ಟೆಯ ಮೇಲೆ ಒತ್ತಿ, ನಡುವೆ ಕುಂಕುಮ ಇಟ್ಟರು. ತಟ್ಟೆಯ ಮೇಲೆ ಹಳದಿ ಹೂವು ಅರಳಿತು.

"ಅಯ್ಯೋ, ನಮ್ಮನೆ ಹೂವು!" ವೆಂಕಟಲಕ್ಷ್ಮಮ್ಮ ಸಂಭ್ರಮದಿಂದ ಮುಂದೆ ಬಂದರು. "ನಾನೂ ಇಂಗೇ ಬೆಂಡೇಕಾಯಲ್ಲೇ ಒತ್ತೋದು ಕಣಮ್ಮ. ಗೇಟು, ಡ್ರಮ್ಮು, ಗಾಡಿಗಳು ಎಲ್ಲಕ್ಕೂ. ಬೆರಳಲ್ಲಿ ಎಷ್ಟೂಂತ ಇಡೋಕಾಗ್ತದೆ? ಈ ಸಲ ಹಿಂದಿನ ಶೆಡ್ಡಲ್ಲಿದ್ದ ಸಾಮಾನಿಗೂ ಒಂದೂ ಬಿಡ್ದೆ ಒತ್ತಿದ್ದೀನಿ. ಬಸವನುಳ ಇದ್ದಂಗೆ ಒಂದಿತ್ತಲ್ಲ ನಾಗ, ನೀನು ಬೇಡ ಅಂದ್ರೂ ಅದ್ಕೂ ಒತ್ತಿದ್ದೆ!"

ದೊಡ್ಡಮುನಿಯಪ್ಪನವರಿಗೆ ಆಗ ಬೆಳಗಿನ ನೀಲಿ ಡ್ರಮ್ಮು ಕಣ್ಣ ಮುಂದೆ ಬಂತು.

"ಅಮ್ಮ, ನೀನ್ ಸುಮ್ನಿರು" ಎಂದ ನಾಗಭೂಷಣ. ಅಷ್ಟು ಹೊತ್ತಿಗೆ ತಡವಾಗಿತ್ತು.

"ಉಳಿದಿದ್ದು ಒಂದೇ" ಎಂದು ತಾಹೆರಾ ಮೂಲೆಯ ಗಾಡಿಯ ಶೀಟು ಎಳೆದರು. ಒಳಗೆ ಅದೇ ಮಾದರಿಯ ಬೆಳ್ಳಿ ಬಣ್ಣದ ಕಾರು. "ಇದರ ಟರ್ಬೊ ಕೆಟ್ಟು ಬಿಚ್ಚಿಟ್ಟಿದ್ರು. ಇಂಥ ಹಳೇ ಗಾಡಿಗೆ ಹೊಸದು ಸಿಗೋದು ಕಷ್ಟ. ಇದ್ದಕ್ಕಿದ್ದ ಹಾಗೆ ಅದರ ಜೋಡಿ ಬಂದು ಅಂಗಳದಲ್ಲೇ ನಿಂತ್ರೆ ಆಸೆ ಆಗುತ್ತೆ. ಶೆಡ್ಡಿನ ಬೀಗ ತೆಗಿತೀರಾ, ಇಲ್ಲ ಈ ಡೆಡ್ ಗಾಡಿಗೆ ಕೀ ಹಾಕ್ತೀರಾ? ಯಾವುದಾದ್ರೂ ಸರಿ."

ನಾಗಭೂಷಣ ಜೇಬಿನಿಂದ ಕೀ ತೆಗೆದು ಮೇಜಿನ ಮೇಲಿಟ್ಟ. ಮೋನಿಕಾ ಹೋಗಿ ತಿರುಗಿಸಿದಳು. ಸತ್ತ ಗಾಡಿ ಗುಟುರು ಹಾಕಿ ಎದ್ದಿತು.

"ಈ ಗಾಡಿ ಬೇಕೂಂತ ಒಬ್ರು ಕಸ್ಟಮರ್ ಪ್ರಾಣ ತಿಂತಿದ್ರು ಮೇಡಂ" ಎಂದ ನಾಗಭೂಷಣ ನೆಲ ನೋಡುತ್ತ. "ಚೆಕಿಂಗ್ ಹೆಂಗೂ ಮುಗ್ದಿತ್ತಲ್ಲ, ಇನ್ಯಾರು ನೋಡ್ತಾರೆ ಅಂತ..."

ಅವನ ತಾಯಿಗೆ ಆಗ ಅರ್ಥವಾಯಿತು. ತಟ್ಟೆಯ ಪಕ್ಕದಲ್ಲಿದ್ದ ಅರಿಶಿನದ ಬೆಂಡೆಕಾಯಿ ಎತ್ತಿ ಅದರಿಂದಲೇ ಅವನ ತಲೆಗೆ ಒಂದು ಕೊಟ್ಟರು. "ಪೂಜೆ ಮಾಡಿದ್ ಸಾಮಾನಲ್ಲಿ ಮೋಸ ಮಾಡ್ತೀಯೇನೋ?" ಅವನ ಹಣೆಯ ಮೇಲೂ ಒಂದು ಅರ್ಧ ಹೂವು ಮೂಡಿತು.

ಸರ್ಫರಾಜ್ ಮುನಿಯಣ್ಣನ ಬಳಿಗೆ ಹೋಗಿ ಎರಡೂ ಕೈ ಹಿಡಿದುಕೊಂಡ. "ತಪ್ಪಾಯ್ತು ಅಣ್ಣಾ. ಬಾಯಿಗೆ ಬಂದಿದ್ದು ಅಂದ್ಬಿಟ್ಟೆ. ಪೊಲೀಸ್‌ಗೆ ಕೊಡೋಣ ಅಂದ್ರೆ ಕೊಡೋಣ."

ಮುನಿಯಣ್ಣ ವೆಂಕಟಲಕ್ಷ್ಮಮ್ಮನ ಮುಖ ನೋಡಿದ. "ಬ್ಯಾಡ. ಬಿಚ್ಚಿದ್ದನ್ನ ಅವನೇ ಜೋಡಿಸ್ಲಿ. ನಾನ್ ನಿಂತ್ಕೊಂಡು ನೋಡ್ತೀನಿ. ಒಂದು ಬೋಲ್ಟ್ ಸಡ್ಲ ಇದ್ರೂ ಮತ್ತೆ ಬಿಚ್ಚಿಸ್ತೀನಿ."

ಸಂಜೆಯವರೆಗೆ ನಾಗಭೂಷಣ ತನ್ನ ಬಳಿ ಇಲ್ಲವೆಂದಿದ್ದ ಸ್ಪ್ಯಾನರುಗಳನ್ನು ಶೆಡ್ಡಿನಿಂದ ತಂದು ಬೆವರು ಸುರಿಸಿದ. ಗೇಟಿನ ಕೀ ಆ ರಾತ್ರಿ ಸರ್ಫರಾಜನ ಜೇಬಿನಲ್ಲಿತ್ತು.

ಮಾರನೆಯ ಬೆಳಿಗ್ಗೆ ಎಲ್ಲರೂ ಮತ್ತೆ ಸೇರಿದರು. ಮೋನಿಕಾ ಮೊದಲು ಬಾನೆಟ್ ಮೇಲೆ ಅಂಗೈ ಇಟ್ಟಳು: ಮಂಜಿನಂತೆ ತಣ್ಣಗಿತ್ತು. ಬೆಕ್ಕು ಕಾಂಪೌಂಡ್ ಗೋಡೆಯ ಮೇಲೆ ಬಿಸಿಲು ಕಾಯಿಸುತ್ತಿತ್ತು. ಮುನಿಯಣ್ಣ ಹೊಸ ಬಿಳಿ ಟವಲ್ ತಂದಿದ್ದ. ಅವಳು ಕೀ ತಿರುಗಿಸಿದಾಗ ಅದನ್ನು ಸೈಲೆನ್ಸರಿನ ಬಾಯಿಗೆ ಹಿಡಿದು, ಸಾಕಷ್ಟು ಹೊತ್ತು ಕಾದು, ಬಿಡಿಸಿ ಎಲ್ಲರಿಗೂ ತೋರಿಸಿದ. ಎಣ್ಣೆಯ ಒಂದು ಚುಕ್ಕಿಯೂ ಇರಲಿಲ್ಲ. ಮುನಿಯಣ್ಣ ಟವಲ್ಲನ್ನು ಕೊಡವಿ, ನಿಧಾನವಾಗಿ ತಲೆಗೆ ಸುತ್ತಿಕೊಂಡ.

"ಷಟರ್ ಎತ್ತಿದ್ದೀಯೇನ್ಲಾ?" ಎಂದರು ದೊಡ್ಡಮುನಿಯಪ್ಪ.

"ಎತ್ತಿಬಿಟ್ಟೇ ಬಂದಿದ್ದೀನಿ. ಗಿರಾಕಿ ಕಾಯ್ತಾವ್ರೆ. ಬಿರ್ರನೆ ಸೈನ್ ಹಾಕ್ಸು."

ಮೋನಿಕಾ ಪೆನ್ನು ತೆಗೆದಳು. ದೊಡ್ಡಮುನಿಯಪ್ಪ ಗಂಟಲು ಸರಿ ಮಾಡಿಕೊಂಡರು.

"ಇವತ್ತು ಮಂಗಳವಾರ ಕಣಮ್ಮಿ."

"ತಾತಾ!"

ತಾಹೆರಾ ಮಾತ್ರ ನಗುತ್ತ ಕಾರಿನ ಕೀ ತೆಗೆದು ದೊಡ್ಡಮುನಿಯಪ್ಪನವರ ಜೇಬಿಗೆ ಹಾಕಿದರು. "ಇನ್ನೊಂದು ದಿನ ಕಾಯಿ ಮಗಳೇ. ನಿಮ್ಮ ತಾತ ಕಾದಿದ್ದಕ್ಕೇ ಅಲ್ವಾ ಇದೆಲ್ಲ ಸಿಕ್ಕಿದ್ದು? ನಾಳೆ ಬೆಳಿಗ್ಗೆ ಎಂಜಿನ್ ಇನ್ನೂ ತಣ್ಣಗಿರುತ್ತೆ. ನಡೀರಿ ಮುನಿಯಪ್ಪನೋರೇ, ಉಳಿದ ಬೆಂಡೆಕಾಯೆಲ್ಲ ಗೊಜ್ಜು ಮಾಡಿಟ್ಟಿದ್ದೀನಿ."