ಕ್ಯೂ ಮೇಡಂ ಹಿಡಿದ ಕಳ್ಳ

"ಒಬ್ಬರೇ ನಲವತ್ತು ಜನರ ಹಾಗೆ ಕ್ಯೂನಲ್ಲಿ ನಿಂತಿದ್ದೀರಲ್ಲ ಡಾಕ್ಟ್ರೇ, ನಾಚಿಕೆ ಆಗಲ್ವಾ?"

ಸ್ಕ್ಯಾನಿಂಗ್ ಕೋಣೆಯ ಬಾಗಿಲಲ್ಲಿ ನಿಂತು ಅವಳು ಕೇಳಿದ ರೀತಿಗೆ ಡಾಕ್ಟರ್ ಕೈಯಲ್ಲಿದ್ದ ಚಹಾ ತುಳುಕಿತು.

ಆಸ್ಪತ್ರೆಯ ಕಂಪ್ಯೂಟರ್ ಜಾಲ ನೋಡಿಕೊಳ್ಳುವ ಇಂಜಿನಿಯರ್ ಅವಳು. ಎಲ್ಲರ ಬಾಯಲ್ಲೂ ಕ್ಯೂ ಮೇಡಂ. ಹೋದ ತಿಂಗಳು ಅವಳೊಂದು ನಿಯಮ ತಂದಿದ್ದಳು. ಯಾರ ಮಾಹಿತಿಯೇ ಆಗಲಿ, ಸಣ್ಣ ತುಣುಕುಗಳಾಗಿ, ಕಂಪ್ಯೂಟರುಗಳ ನಡುವಿನ ಪ್ರತಿ ಸಂಪರ್ಕಕ್ಕೂ ಒಂದೊಂದು ಸರದಿಯಂತೆ ಸಾಗಬೇಕು. ಆನೆ ಗಾತ್ರದ ಸ್ಕ್ಯಾನ್ ಚಿತ್ರಗಳ ಹಿಂದೆ ಲ್ಯಾಬಿನ ಎರಡು ಸಾಲಿನ ರಕ್ತದ ರಿಪೋರ್ಟ್ ಕಾಯುತ್ತಾ ಕೂರಬಾರದು. ಅಷ್ಟೇ ಅವಳ ಹಟ.

ಅವಳು ಚಾಪೆ ಕೆಳಗೆ ತೂರಿದರೆ ಈ ಭೂಪ ರಂಗೋಲಿ ಕೆಳಗೆ ತೂರಿದ್ದ. ಒಂದೇ ಸ್ಕ್ಯಾನನ್ನು ನಲವತ್ತು ಸಂಪರ್ಕಗಳಲ್ಲಿ ಹಂಚಿ ನಲವತ್ತು ಸರದಿ ಹೊಡೆಯುತ್ತಿದ್ದ!

ಆಪರೇಷನ್ ಕೋಣೆಗೆ ಚಿತ್ರ ತಡವಾದರೆ ಬೈಸಿಕೊಳ್ಳುವವನು ತಾನೇ ಎಂದು ಅವನು ಸಮಜಾಯಿಷಿ ಕೊಟ್ಟ. ಆಮೇಲೆ ಒಂದು ಮಾತು ಆಡಿಬಿಟ್ಟ. "ನಿಮಗೆ ನನ್ನ ಮೇಲೆ ಏನೋ ಹಗೆ."

ಹಗೆಯಾ...? ಕ್ಯಾಂಟೀನಿನಲ್ಲಿ ಅವನು ದೂರದಿಂದ ಕಂಡರೂ ಕೂದಲು ಸರಿಮಾಡಿಕೊಳ್ಳುತ್ತಿದ್ದವಳು ಅವಳು! ಆದರೂ ಕುರ್ಚಿಗೆ ಮರಳಿದವಳೇ ನಿಯಮ ಬದಲಿಸಿದಳು. ಇನ್ನು ಸರದಿ ಸಂಪರ್ಕಕ್ಕಲ್ಲ, ಕೋಣೆಗೆ. ನಲವತ್ತಾಗಲಿ ನಾನೂರಾಗಲಿ, ಸ್ಕ್ಯಾನಿಂಗ್ ಕೋಣೆಗೆ ಒಂದೇ ಪಾಲು.

ಮರುದಿನವೇ ಅವನು, ಈ ನಿಯಮದಿಂದ ಚಿತ್ರಗಳು ಇನ್ನೂ ತಡವಾಗುತ್ತಿವೆ ಎಂದು ಒಂದೂವರೆ ಪುಟದ ದೂರು ಬರೆದ. ಶನಿವಾರದ ಸಭೆಯವರೆಗೂ ದೂರು ಉಳಿದರೆ ನಿಯಮವನ್ನೇ ತೆಗೆಸುತ್ತೇನೆ ಎಂದರು ನಿರ್ದೇಶಕರು.

ತೆಗೆದರೆ ಲ್ಯಾಬಿನ ರಿಪೋರ್ಟುಗಳು ಮತ್ತೆ ಆ ಆನೆಗಳ ಹಿಂದೆ... ಇಲ್ಲ, ಬಿಡಬಾರದು. ಅವನ ಚಿತ್ರಗಳೂ ತಡವಾಗಬಾರದು, ನಿಯಮವೂ ಉಳಿಯಬೇಕು. ಎರಡು ದಿನ ಅವಳು ಒಂದೊಂದು ತುಣುಕಿನ ಬೆನ್ನು ಹತ್ತಿದಳು.

ಶುಕ್ರವಾರ ಮಧ್ಯಾಹ್ನ ಗುಟ್ಟು ಸಿಕ್ಕಿತು. ಆಪರೇಷನ್ ಕೋಣೆಯ ಹಳೇ ಕಂಪ್ಯೂಟರಿನಲ್ಲಿ ಒಮ್ಮೆಗೆ ಬಂದದ್ದನ್ನು ಹಿಡಿದಿಡುವ ಜಾಗ ಕಡಿಮೆ. ಅವನು ಸುರಿದದ್ದರಲ್ಲಿ ಅರ್ಧಕ್ಕರ್ಧ ಹಿಡಿಸದೆ ಬಿದ್ದುಹೋಗುತ್ತಿತ್ತು. ಅವನ ಯಂತ್ರ ಅದನ್ನೇ ಮತ್ತೆ ಮತ್ತೆ ಕಳಿಸುತ್ತಿತ್ತು. ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ!

ಅವನನ್ನು ಕರೆಸಿದಳು. ಆ ಕಡೆಯ ಕಂಪ್ಯೂಟರ್ ಇಷ್ಟಕ್ಕೆ ಜಾಗವಿದೆ ಎಂದಾಗ ಅಷ್ಟೇ ಕಳಿಸಬೇಕು, ಆಮೇಲೆ ಕಾಯಬೇಕು ಎಂದು ಅವನ ಯಂತ್ರಕ್ಕೆ ಕಲಿಸಿದಳು. ಕಾಯುತ್ತಾ ಕೂತರೆ ಇನ್ನೂ ತಡವಾಗುತ್ತದೆ ಎಂದು ಅವನು ಗೊಣಗಿದ.

ಹನ್ನೊಂದು ನಿಮಿಷ ಹಿಡಿಯುತ್ತಿದ್ದ ಚಿತ್ರಗಳು, ಒಂದು ತುಣುಕನ್ನೂ ಮತ್ತೆ ಕಳಿಸುವ ಗೋಜಿಲ್ಲದೆ, ನಾಲ್ಕೇ ನಿಮಿಷಕ್ಕೆ ತಲುಪಿದವು. ಅವನು ಎರಡೆರಡು ಸಲ ಗಡಿಯಾರ ನೋಡಿದ. ಎದ್ದು ಹೋದ.

ಒಂದು ಥ್ಯಾಂಕ್ಸ್ ಕೂಡ ಇಲ್ಲವಲ್ಲ... ಅವಳ ಕಣ್ಣು ತುಂಬಿ ಬಂತು.

ಶನಿವಾರ ಸಭೆಯಲ್ಲಿ ಮೊದಲು ಎದ್ದು ನಿಂತವನು ಅವನೇ. ದೂರು ವಾಪಸ್ ಪಡೆದ. ಯಾರೂ ಕೇಳದಿದ್ದರೂ ನಲವತ್ತು ಸಂಪರ್ಕಗಳ ಕಳ್ಳಾಟವನ್ನು ಎಲ್ಲರೆದುರು ಒಪ್ಪಿಕೊಂಡ. ನಿಯಮ ಉಳಿಯಿತು.

ಹೊರಗೆ ಲಿಫ್ಟಿನ ಬಳಿ ಅವಳನ್ನು ತಡೆದು ನಿಲ್ಲಿಸಿದ. ದೂರು ಬರೆದದ್ದು ತಪ್ಪು, ನಿನ್ನೆ ಬಾಯೇ ಬರಲಿಲ್ಲ, ಕ್ಯಾಂಟೀನಿಗೆ ತಾನು ಬರುತ್ತಿದ್ದದ್ದೇ ಅವಳಿಗಾಗಿ, ಅಮ್ಮನಿಗೂ ಹೇಳಿದ್ದಾನೆ... ಒಂದೇ ಉಸಿರಿಗೆ ಎಲ್ಲ ಸುರಿದ.

"ತಡೀರಿ ಡಾಕ್ಟ್ರೇ. ಅಷ್ಟಕ್ಕೆಲ್ಲ ಜಾಗ ಇಲ್ಲ ಇಲ್ಲಿ. ಮೊದಲು ಒಂದು ಹೇಳಿ. ನಾನು ಹೂಂ ಅಂದ್ಮೇಲೆ ಇನ್ನೊಂದು."

"ನೀವಂದ್ರೆ ನಂಗೆ ತುಂಬಾ ಇಷ್ಟ."

ಅಷ್ಟು ಹೇಳಿ ಸುಮ್ಮನಾದ. ಲಿಫ್ಟ್ ಬಂತು, ಹೋಯಿತು. ಅವನು ಕಾಯುತ್ತಲೇ ಇದ್ದ.

"ಹೂಂ," ಎಂದಳು. "ಮುಂದಿನದು ಬೇಗ ಹೇಳಿ."