ಕೇಳದೇ ಬಿಗಿದ ನಟ್ಟು

"ಏನ್ರೀ ಮಾಡ್ತಿದ್ದೀರಿ ನಮ್ಮ ಕಾರಿಗೆ?"

ಬೆಳಿಗ್ಗೆ ಏಳು ಗಂಟೆ. ಮೇಲಿನ ಮನೆಗೆ ಮೂರು ತಿಂಗಳ ಹಿಂದೆ ಬಾಡಿಗೆಗೆ ಬಂದ ಲಿಫ್ಟ್ ರಿಪೇರಿಯವನು ಅವಳ ಕಾರಿನ ಮುಂದಿನ ಚಕ್ರದ ಎದುರು ಕುಕ್ಕರಗಾಲಲ್ಲಿ ಕೂತಿದ್ದ. ಕೈಯಲ್ಲಿ ಸ್ಪ್ಯಾನರ್.

"ನಟ್ಟು ಬಿಗಿ ಮಾಡ್ತಿದ್ದೆ."

"ನಿನ್ನೆ ಸಂಜೆ ನಾನೇ ಟೈರ್ ಬದಲಾಯಿಸಿ ಬಿಗಿ ಮಾಡಿದೀನಿ. ಮುಟ್ಟೋಕೆ ನೀವ್ಯಾರು?"

ಅವನು ಎದ್ದು ನಿಂತ. ಅವನಿಗೂ ಕೋಪ ಬಂದಿತ್ತು. "ಕಿಟಕಿಯಿಂದ ನೋಡಿದೆ. ಜಾಕ್ ಮೇಲಿದ್ದಾಗ ಬಿಗಿ ಮಾಡಿದ್ರಿ. ಕಾರು ನೆಲಕ್ಕಿಳಿದ ಮೇಲೆ ಇನ್ನೊಂದು ಸಲ ಮಾಡ್ಬೇಕು, ಮಾಡ್ಲಿಲ್ಲ. ಈಗ ಎರಡು ನಟ್ಟು ಅರ್ಧ ಸುತ್ತು ತಿರುಗಿದ್ವು. ಇದರಲ್ಲಿ ನಿಮ್ಮ ತಂದೇನ ಕೂರಿಸ್ಕೊಂಡು ಹೋಗ್ತಿದ್ರಾ?"

ಅವಳ ಮುಖ ಕೆಂಪಾಯಿತು. ಔಷಧಿ ಅಂಗಡಿಯಲ್ಲಿ ಪ್ರತಿ ಚೀಟಿಯನ್ನೂ ಎರಡೆರಡು ಸಲ ಓದಿ ಮಾತ್ರೆ ಕೊಡುವವಳು, ಇದನ್ನು ಹೇಗೆ ಮರೆತಳು? ಅವನು ಹೇಳಿದ್ದು ನಿಜ. ಸಿಟ್ಟು ಹೆಚ್ಚಾದದ್ದೂ ಅದಕ್ಕೇ.

"ಕೇಳಿಸ್ತಾ ಪುಟ್ಟಿ?" ಬಾಲ್ಕನಿಯಿಂದ ಅಣ್ಣನ ದನಿ. "ನಿನ್ ಕೈಲಿ ಆಗಲ್ಲ ಅಂದ್ರೆ ನಂಬ್ಲಿಲ್ಲ. ಭಾನುವಾರ ಕಾರು ನೋಡೋಕೆ ಜನ ಬರ್ತಾರೆ. ಮಾರಿಬಿಡೋಣ."

ಮುಗಿಯಿತು!

ಅಪ್ಪನ ಕಣ್ಣು ಮಂಜಾದ ದಿನ ಈ ಕಾರಿನ ಕೀಲಿ ಅವಳ ಕೈಗೆ ಬಂದಿತ್ತು. ಪ್ರತಿ ವಾರ ಕಣ್ಣಿನ ಆಸ್ಪತ್ರೆಗೆ ಅವಳೇ ಕರೆದುಕೊಂಡು ಹೋಗುತ್ತಿದ್ದಳು. ಮುಂದಿನ ಸೀಟಿನಲ್ಲಿ ಕೂತು ಎಂಜಿನ್ ಸದ್ದಿನಲ್ಲೇ ಗುರುತು ಹಿಡಿದು "ಈಗ ಮೂರನೇ ಗೇರ್" ಎಂದು ಅಪ್ಪ ನಗುತ್ತಿದ್ದರು. ವಾರವಿಡೀ ಅವರು ನಗುತ್ತಿದ್ದುದು ಅಲ್ಲಿ ಮಾತ್ರ. ಆಯಿಲ್, ವೈಪರ್, ಬ್ಯಾಟರಿ... ಎಲ್ಲ ತಾನೇ ನೋಡಿಕೊಳ್ಳುತ್ತೇನೆಂದು ಅಣ್ಣನ ಎದುರು ಹಟ ಹಿಡಿದಿದ್ದಳು.

ಎರಡು ದಿನ ಕೋಪ ನುಂಗಿದಳು, ಇಳಿಯಲಿಲ್ಲ. ಮೂರನೇ ಸಂಜೆ ಮೇಲೆ ಹೋಗಿ ಬಾಗಿಲು ಬಡಿದಳು.

"ನಿಮ್ಮಿಂದ ನಮ್ಮಪ್ಪನ ಕಾರು ಹೋಗ್ತಿದೆ!"

ಅವನು ಬೆಚ್ಚಿದ. "ನಾನು ಒಳ್ಳೇದಕ್ಕೆ..."

"ಒಳ್ಳೇದಕ್ಕೇ. ಅದು ಗೊತ್ತು. ಆದ್ರೆ ಬೆಲ್ ಒತ್ತಿ 'ಇನ್ನೊಂದು ಸಲ ಬಿಗಿ ಮಾಡಿ' ಅಂದಿದ್ರೆ ನಾನೇ ಮಾಡ್ತಿದ್ದೆ. ಕೇಳ್ಬೇಕು ಅಂತ ಅನ್ನಿಸ್ಲೇ ಇಲ್ವಾ?"

"ನನ್ ಕೆಲಸದಲ್ಲಿ ಕೇಳ್ತಾ ನಿಂತ್ರೆ ಜನ ಬೀಳ್ತಾರೆ. ಅಭ್ಯಾಸ ಆಗೋಗಿದೆ." ತಲೆ ತಗ್ಗಿಸಿದ. "ತಪ್ಪಾಯ್ತು. ನಿಮ್ಮಣ್ಣನ ಹತ್ರ ನಾನು ಮಾತಾಡ್ಲಾ?"

"ಬೇಡ. ನನ್ ಮಾತು ನಾನಾಡ್ತೀನಿ."

ಮೆಟ್ಟಿಲಿಳಿಯುವಾಗ ಅವಳಿಗೆ ಹೊಳೆಯಿತು. ಈ ಸಲ ಅವನು ಕೇಳಿದ್ದ. ಛೆ, ಅಷ್ಟಕ್ಕೇ ಮನಸ್ಸು ಯಾಕೆ ಮೆತ್ತಗಾಗಬೇಕು?

ಭಾನುವಾರ ಬೆಳಿಗ್ಗೆ ಅವಳು ಅಣ್ಣನನ್ನು ಪಾರ್ಕಿಂಗಿಗೆ ಎಳೆದು ತಂದಳು. "ಅದೇ ಚಕ್ರ ಬಿಚ್ಚಿ ಹಾಕ್ತೀನಿ. ಒಂದು ತಪ್ಪಾದ್ರೂ ಮಾರು."

ಸದ್ದು ಕೇಳಿ ಲಿಫ್ಟಿನವನೂ ಇಳಿದು ಬಂದ. ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು ಕಂಬದ ಪಕ್ಕ ನಿಂತ.

ಅವಳು ಮೊದಲು ನಟ್ಟು ಸಡಿಲಿಸಿದಳು, ಜಾಕ್ ಏರಿಸಿದಳು, ಚಕ್ರ ತೆಗೆದು ಮತ್ತೆ ಕೂರಿಸಿದಳು. ಎದುರುಬದುರಾಗಿ ನಟ್ಟು ಬಿಗಿದಳು. ಜಾಕ್ ಇಳಿಸಿ ಡಿಕ್ಕಿಯಲ್ಲಿಟ್ಟು ಅದರ ಬಾಗಿಲು ಹಾಕಿದಳು.

ಲಿಫ್ಟಿನವನ ಮುಖ ಬಿಳಿಚಿತು. ತುಟಿ ತೆರೆದು ಮುಚ್ಚಿದ.

ಅವಳು ಕೈ ಒರೆಸಿಕೊಂಡಳು... ಸ್ಪ್ಯಾನರ್ ಎತ್ತಿಕೊಂಡು ವಾಪಸ್ ಚಕ್ರದ ಎದುರು ಕೂತಳು. ಒಂದು, ಎರಡು, ಮೂರು, ನಾಲ್ಕು. ಒಂದೊಂದನ್ನೂ ಮೈಭಾರ ಹಾಕಿ ಬಿಗಿದಳು.

ಅಣ್ಣ ತಾನೇ ಸ್ಪ್ಯಾನರ್ ಹಾಕಿ ಎಳೆದು ನೋಡಿದ. ಅಲುಗಲಿಲ್ಲ. "ಸರಿ, ನೋಡೋಕೆ ಬರೋರಿಗೆ ಬೇಡ ಅಂತ ಫೋನ್ ಮಾಡ್ತೀನಿ," ಎಂದು ಗೊಣಗಿ ಮೇಲೆ ಹೋದ. ಹೋಗಿ ಅಪ್ಪನ ಕೈ ಹಿಡಿದು ಕರೆತಂದು ಮುಂದಿನ ಸೀಟಿನಲ್ಲಿ ಕೂರಿಸಿದ.

ಅವಳು ಕಂಬದ ಹತ್ತಿರ ಬಂದಳು. "ನಾನು ಮರೆತೇಬಿಟ್ಟಿದ್ರೆ?"

"ಗಾಡಿ ಹೊರಡೋ ಮುಂಚೆ ಬಾಯಲ್ಲಿ ಹೇಳ್ತಿದ್ದೆ. ಮುಟ್ತಿರ್ಲಿಲ್ಲ." ಮುಷ್ಟಿ ಬಿಡಿಸಿದಾಗ ಅವನ ಅಂಗೈಯಲ್ಲಿ ಉಗುರಿನ ಗುರುತು ಇತ್ತು.

ಅವಳ ಕಣ್ಣು ತುಂಬಿತು. ಅದನ್ನು ಮುಚ್ಚಿಡಲು ಸಿಡುಕಿದಳು. "ಇನ್ಮೇಲೆ ಏನೇ ಆದ್ರೂ ಕೇಳಿ ಮಾಡಿ."

"ಒಂದು ಮಾತ್ರ ಕೇಳದೇ ಆಗೋಯ್ತು," ಅಂದ ಮೆಲ್ಲಗೆ. "ನೀವಂದ್ರೆ ಇಷ್ಟ. ಬಂದ ವಾರವೇ ಶುರುವಾಯ್ತು. ಅದಕ್ಕೂ ಬೈತೀರಾ?"

ಕಾರಿನೊಳಗಿಂದ ಅಪ್ಪ ಕೂಗಿದರು. "ಪುಟ್ಟಿ, ಕಣ್ಣು ಮಂಜು, ಕಿವಿ ಚೆನ್ನಾಗಿದೆ. ಹಿಂದಿನ ಸೀಟು ಖಾಲಿ ಇದೆ."

ಅವನು ನಗು ತಡೆದುಕೊಂಡ. "ಹತ್ಲಾ?"

"ಕೋಪ ಇನ್ನೂ ಇಳಿದಿಲ್ಲ," ಅಂದಳು ಅವಳು, ಹಿಂದಿನ ಬಾಗಿಲು ತೆಗೆಯುತ್ತಾ. "ಹತ್ತಿ."