ವರ್ಣಗಿರಿಯ ಎರಡು ಕಿಟಕಿಗಳು

ಮೋಡಗಳು ನೆಲದ ಮೇಲೆ ನಡೆದಾಡುತ್ತಿದ್ದ ಕಾಲದಲ್ಲಿ, ವರ್ಣಗಿರಿ ಎಂಬ ರಾಜ್ಯದಲ್ಲಿ, ಅಕ್ಕರಮನೆ ಎಂಬ ಮನೆತನವಿತ್ತು. ಹೆಮ್ಮೆಯಿಂದ ಹೇಳಿಕೊಳ್ಳುವಂಥ ಮನೆತನ. ಅರಮನೆಯ ಮೊದಲ ಕಲ್ಲು ಬೀಳುವುದಕ್ಕೂ ಮುಂಚೆ ಅಕ್ಕರಮನೆಯವರು ಅಲ್ಲಿ ಪ್ರೋಗ್ರಾಮ್ ಬರೆಯುತ್ತಿದ್ದರು. ಆ ರಾಜ್ಯದಲ್ಲಿ ಬಣ್ಣ ತಾನಾಗಿ ಬರುತ್ತಿರಲಿಲ್ಲ. ದಿನವೂ ಬೆಳಗಾಗುತ್ತಲೇ ಅರಮನೆಯ ದೊಡ್ಡ ಕಂಪ್ಯೂಟರು ಗಿಳಿಗೆ ಹಸಿರು, ದಾಸವಾಳಕ್ಕೆ ಕೆಂಪು, ಮಾವಿಗೆ ಹಳದಿ ಎಂದು ಹಂಚುತ್ತಿತ್ತು. ಆ ಪ್ರೋಗ್ರಾಮನ್ನು ಬರೆದವಳು ಅಕ್ಕರಮನೆಯ ಮುತ್ತಜ್ಜಿ. ಕಾಪಾಡಿಕೊಂಡು ಬಂದವರು ಅವಳ ಮಕ್ಕಳು, ಮೊಮ್ಮಕ್ಕಳು. ಅವರಲ್ಲಿ ಒಬ್ಬರಾದರೂ ಕೈ ತೊಳೆಯದೆ ಕೀಲಿಮಣೆ ಮುಟ್ಟಿದವರಲ್ಲ, ಅರ್ಧ ಬರೆದ ಸಾಲನ್ನು ಬಿಟ್ಟು ಊಟಕ್ಕೆ ಎದ್ದವರಲ್ಲ. ಅವರು ಬೀದಿಯಲ್ಲಿ ಬಂದರೆ ಸರದಾರರೂ ಪಕ್ಕಕ್ಕೆ ಸರಿದು ದಾರಿ ಬಿಡುತ್ತಿದ್ದರು.

ಆ ಮನೆಯ ಮಗಳು ಮಲಯವತಿ. ಬಿಳಿಯುಡುಗೆಯ ಸೋದರಿಯರ ಶಾಲೆಯಲ್ಲಿ ಓದಿದವಳು. ಬೆನ್ನು ನೆಟ್ಟಗಿಟ್ಟುಕೊಂಡು ಕೂರುತ್ತಿದ್ದಳು, ತೂಕದ ಮಾತಾಡುತ್ತಿದ್ದಳು. ಅವಳ ಕಂಪ್ಯೂಟರಿನ ಪರದೆಯ ಹಿನ್ನೆಲೆ ಮೋಡ ಕವಿದ ಆಕಾಶದ ಹಾಗೆ ಕಪ್ಪಗೆ, ಖಾಲಿಯಾಗಿತ್ತು. ಅಕ್ಷರಗಳು ಒಂದಕ್ಕೊಂದು ಹೋಲದಂತೆ ದುಂಡಗೆ, ಸ್ಪಷ್ಟವಾಗಿದ್ದವು. ಬೇಡದ್ದು ಒಂದೂ ಅಲ್ಲಿರಲಿಲ್ಲ. ಜೊತೆಗೆ ಅವಳ ಗಂಧದ ಪೆಟ್ಟಿಗೆಯಲ್ಲಿ ಎರಡು ಪುಟ್ಟ ತಂತ್ರಾಂಶಗಳು ಜೀವಂತವಾಗಿ ಇದ್ದವು. ಒಂದು, ಚುರುಕ ಎಂಬ ಮುಂಗುಸಿ. ಒಂದೇ ಪದದ ವಾಸನೆ ಹಿಡಿದು ಯಾವ ಕಡತವನ್ನಾದರೂ ಹುಡುಕಿ ತರುತ್ತಿತ್ತು. ಇನ್ನೊಂದು, ಜೋಪಾನ ಎಂಬ ಅಳಿಲು. ನಕಲು ಮಾಡಿಕೊಂಡದ್ದನ್ನೆಲ್ಲ ಮರೆಯದೆ ಇಟ್ಟುಕೊಳ್ಳುತ್ತಿತ್ತು.

ಹೀಗಿರುವಾಗ ಥಳಕಾಕ್ಷನೆಂಬ ಮಾಂತ್ರಿಕ ಅರಮನೆಗೆ ಬಂದ. "ಮಹಾಪ್ರಭುಗಳ ಕಂಪ್ಯೂಟರು ಇಷ್ಟು ಬೋಳಾಗಿರಬಹುದೆ? ನಾನು ಸಿಂಗರಿಸಿಕೊಡುತ್ತೇನೆ" ಎಂದ. ರಾಜ ವಿಕ್ರಾಂತವರ್ಮನಿಗೆ ಹಿಗ್ಗಾಯಿತು. ಪರದೆಯ ಮೇಲೆ ನವಿಲುಗಳು ಕುಣಿದವು, ಮೀನುಗಳು ಹಾರಿದವು.

ಮರುದಿನ ಬೆಳಗಾದಾಗ ರಾಜ್ಯದಲ್ಲಿ ಬಣ್ಣವಿರಲಿಲ್ಲ. ಗಿಳಿಗಳು ಬೂದಿಯ ಉಂಡೆಗಳಂತೆ ಕೊಂಬೆಗಳ ಮೇಲೆ ಕೂತಿದ್ದವು. ಮದುಮಗಳೊಬ್ಬಳು ತನ್ನ ಧಾರೆಸೀರೆ ಯಾವುದೆಂದು ತಿಳಿಯದೆ ಅಳುತ್ತಿದ್ದಳು. ಜನ ಕನಸಿನಲ್ಲಿ ನಡೆಯುವವರಂತೆ ಮೆಲ್ಲಗೆ, ಗೋಡೆ ಸವರಿಕೊಂಡು ನಡೆಯುತ್ತಿದ್ದರು.

ರಾಜ ಮಲಯವತಿಯನ್ನು ಕರೆಸಿ, ತುಂಬಿದ ಸಭೆಯಲ್ಲಿ ಗುಡುಗಿದ: "ಇದು ಅಕ್ಕರಮನೆಯವರ ಅಡ್ಡಾದಿಡ್ಡಿ ಕೆಲಸ! ನಿಮ್ಮದು ಹೊರಗೆ ಶಿಸ್ತು, ಒಳಗೆಲ್ಲ ಹುಳುಕು!"

ಸಭೆ ಗುಸುಗುಸು ಎಂದಿತು. ಅಕ್ಕರಮನೆಯವರಿಗೆ ಅಂಥ ಮಾತು ಯಾರೂ ಆಡಿರಲಿಲ್ಲ. ಮಲಯವತಿಯ ಕಿವಿ ಬಿಸಿಯಾಯಿತು, ಬೆನ್ನು ಮಾತ್ರ ಬಾಗಲಿಲ್ಲ.

"ಚಿಂತೆ ಬೇಡ ಪ್ರಭು" ಎಂದ ಥಳಕಾಕ್ಷ. ಅವನ ಮೇಲಂಗಿಯೊಂದೇ ಸಭೆಯಲ್ಲಿ ಬಣ್ಣಬಣ್ಣವಾಗಿ ಹೊಳೆಯುತ್ತಿತ್ತು. "ಕಂಪ್ಯೂಟರನ್ನು ಶಾಶ್ವತವಾಗಿ ನನಗೊಪ್ಪಿಸಿ. ಬಣ್ಣ ತರುತ್ತೇನೆ."

"ಸೂರ್ಯ ಮುಳುಗುವ ತನಕ ನನಗೆ ಸಮಯ ಕೊಡಿ" ಎಂದಳು ಮಲಯವತಿ.

"ಕೊಟ್ಟೆ" ಎಂದ ರಾಜ. "ಆಗದಿದ್ದರೆ ಕಂಪ್ಯೂಟರು ಇವನದು. ನಿಮ್ಮ ಬಾಗಿಲ ಮೇಲಿನ ಹೆಸರು ಕೆತ್ತಿ ತೆಗೆಸುತ್ತೇನೆ. ಗಡಿ ದಾಟಿ ಹೊರಡಿ."

ಮಲಯವತಿ ಕೈ ತೊಳೆದು ದೊಡ್ಡ ಕಂಪ್ಯೂಟರಿನ ಮುಂದೆ ನಿಂತಳು. ಅದರ ಪರದೆ ಕೊಳದ ನೀರಿನಂತೆ ತಣ್ಣಗಿತ್ತು. ಸೆರಗು ಸುತ್ತಿ ಒಳಗೆ ಕಾಲಿಟ್ಟಳು.

ಒಳಗೆ ಮೊದಲು ಎದುರಾದದ್ದು ಚಿತ್ರದಾನೆ. ಮೈತುಂಬ ದೀಪ, ಗೆಜ್ಜೆ, ಹೂವಿನ ಸರ. ಅದು ಕಂಪ್ಯೂಟರಿನ ಎದೆಯ ಮೇಲೇ ಕೂತಿತ್ತು. ಕೆಳಗೆ ಕಂಪ್ಯೂಟರು ಉಸಿರಿಗೆ ತಿಣುಕುತ್ತಿತ್ತು. ಅಲ್ಲಿ ಹೆಜ್ಜೆ ಎತ್ತಿದರೆ ಇಡಲು ಒಂದು ಯುಗ ಹಿಡಿಯುತ್ತಿತ್ತು.

"ನಿನ್ನ ಕೆಲಸ ಏನು?" ಎಂದು ಕೇಳಿದಳು ಮಲಯವತಿ.

"ಚೆಂದ ಕಾಣೋದು, ಅಮ್ಮಾ."

"ಅದು ಕೆಲಸವಲ್ಲ. ನಿನ್ನನ್ನು ಇಲ್ಲಿಗೆ ಕರೆದವರು ಯಾರು?"

"ಯಾರೂ ಕರೀಲಿಲ್ಲ. ಕಂಪ್ಯೂಟರು ಕಣ್ಣು ಬಿಟ್ಟ ಕೂಡಲೇ ನಾನೂ ಬಂದು ಕೂತ್ಕೋಬೇಕು ಅಂತ ಥಳಕಾಕ್ಷಪ್ಪೋರು ಕಟ್ಟು ಮಾಡಿದಾರೆ."

"ಕರೆಯದೆ ಬಂದು ಕೂರುವವರು ಮರ್ಯಾದಸ್ಥರಲ್ಲ. ಏಳು."

ಅವಳು ಆ ಕಟ್ಟನ್ನು ಬಿಚ್ಚಿದಳು. ಹಿನ್ನೆಲೆಯನ್ನು ಖಾಲಿ ಮಾಡಿದಳು. ಆನೆ ನಾಚಿಕೊಂಡು ಎದ್ದಿತು, ಹಿಂದೆಯೇ ನವಿಲು, ಮೀನುಗಳೆಲ್ಲ ಸಾಲಾಗಿ ಹೊರಟವು. ಕಂಪ್ಯೂಟರು ಉದ್ದಕ್ಕೆ ಉಸಿರು ಬಿಟ್ಟಿತು. ಆ ಗಾಳಿಗೆ ಮಲಯವತಿಯ ಮುಂಗುರುಳು ಹಾರಿತು.

ಎರಡನೆಯದು ಕಡತಗಳ ಕಾಡು. ಅಲ್ಲಿನ ಪ್ರತಿ ಎಲೆಯೂ ಒಂದು ಕಡತ, ಪ್ರತಿ ಎಲೆಯೂ ಬೂದು. ಥಳಕಾಕ್ಷ ಮುತ್ತಜ್ಜಿಯ ಪ್ರೋಗ್ರಾಮನ್ನು ಚೂರುಚೂರು ಮಾಡಿ ಆ ಕಾಡಿನಲ್ಲಿ ಎಸೆದಿದ್ದ. ಮಲಯವತಿಯ ಹಿಂದೆಯೇ ಒಳಗೆ ನುಸುಳಿದ್ದ ಅವನ ದನಿ ಮರದ ತುದಿಯಿಂದ ಕೇಳಿತು: "ಹುಡುಕು ತಂಗೀ, ಹುಡುಕು! ತಲೆ ನರೆಯುವುದರೊಳಗೆ ಸಿಕ್ಕೀತು!"

"ನನಗೆ ಅಣ್ಣಂದಿರಿಲ್ಲ" ಎಂದಳು ಮಲಯವತಿ. ಪೆಟ್ಟಿಗೆ ತೆರೆದು ಮುಂಗುಸಿಯ ಕಿವಿಯಲ್ಲಿ ಮುತ್ತಜ್ಜಿಯ ಒಂದು ಸಾಲು ಉಸುರಿದಳು: "ಗಿಳಿಗೆ ಮೊದಲು ಹಸಿರು." ಚುರುಕ ಮೂಗು ಅರಳಿಸಿ ಓಡಿತು. ಅದು ತೋರಿಸಿದ ಎಲೆಯಲ್ಲಿ ಮೊದಲ ಚೂರು ಇತ್ತು. ಆದರೆ ಆ ಕಾಡಿನ ಶಾಪವೆಂದರೆ, ಎರಡನೆಯದನ್ನು ನಕಲು ಮಾಡಿಕೊಂಡ ಕೂಡಲೇ ಮೊದಲನೆಯದು ಕೈಯಿಂದ ಆವಿಯಾಗಿ ಹೋಗುತ್ತಿತ್ತು.

"ನಂಗೆ ಕೊಡಿ ಅಮ್ಮಾ" ಎಂದು ಜೋಪಾನ ಹೆಗಲೇರಿತು. "ಒಂದೊಂದನ್ನೂ ಕೆನ್ನೆಯಲ್ಲಿ ಇಟ್ಕೋತೀನಿ."

"ನುಂಗಬೇಡ."

"ಯಾವತ್ತು ನುಂಗಿದೀನಿ?"

ಮುಂಗುಸಿ ತೋರಿಸುತ್ತ ಹೋಯಿತು, ಮಲಯವತಿ ಕೀಳುತ್ತ ಹೋದಳು, ಅಳಿಲಿನ ಕೆನ್ನೆ ಉಬ್ಬುತ್ತ ಹೋಯಿತು. ಕೊನೆಗೆ ಅದು ಎಲ್ಲವನ್ನೂ ಸಾಲಾಗಿ ಹೊರಗಿಟ್ಟಾಗ ಪ್ರೋಗ್ರಾಮ್ ಇಡಿಯಾಗಿ, ಒಂದು ಚುಕ್ಕಿಯೂ ತಪ್ಪದೆ ಮಲಗಿತ್ತು.

ಮೂರನೆಯದು ಎರಡು ಕಿಟಕಿಗಳು. ವರ್ಣಗಿರಿಯಲ್ಲಿ ಪ್ರೋಗ್ರಾಮ್ ಬರೆಯುವವರಿಗೆ ಯಾವಾಗಲೂ ಎರಡು ಕಿಟಕಿ: ಒಂದರಾಚೆ ಪರೀಕ್ಷೆಗೆಂದು ಮಾಡಿದ ಆಟದ ರಾಜ್ಯ, ಇನ್ನೊಂದರಾಚೆ ನಿಜವಾದ ರಾಜ್ಯ. ಆಟದ್ದರಲ್ಲಿ ಏನು ಬೇಕಾದರೂ ಕೆಡಿಸಬಹುದು. ಅಲ್ಲಿ ಯಾರಿಗೂ ನೋವಾಗುವುದಿಲ್ಲ. ನಿಜದ ಕಿಟಕಿಗೆ ಅಕ್ಕರಮನೆಯವರು ಕೆಂಪು ಅಂಚು ಹಾಕುತ್ತಿದ್ದರು. ಥಳಕಾಕ್ಷ ಸಿಂಗಾರದ ನೆಪದಲ್ಲಿ ಅದನ್ನು ಅಳಿಸಿ ಎರಡಕ್ಕೂ ಒಂದೇ ಚೌಕಟ್ಟು ತೊಡಿಸಿದ್ದ. ಈಗಂತೂ ಅಂಚು ಹಾಕೋಣವೆಂದರೆ ಲೋಕದಲ್ಲೇ ಕೆಂಪಿರಲಿಲ್ಲ.

ಹೊರಗೆ ಸೂರ್ಯ ಬೂದಿಯ ಬಿಲ್ಲೆಯಂತೆ ಇಳಿಯುತ್ತಿದ್ದ. ಕೊಳದಂಥ ಪರದೆಗೆ ಮುಖವಿಟ್ಟು ರಾಜ ಒಳಗೆ ನೋಡುತ್ತಿದ್ದ.

"ಒಂದೇ ಆಜ್ಞೆ!" ಎಂದ ಥಳಕಾಕ್ಷ. "ತಪ್ಪು ಕಿಟಕಿಯಲ್ಲಿ ಕೊಟ್ಟರೆ ಇನ್ನೊಂದು ಎಂದೆಂದಿಗೂ ಮುಚ್ಚಿಹೋಗುತ್ತದೆ. ಆರಿಸು!"

ಮಲಯವತಿ ಆರಿಸಲಿಲ್ಲ. ಎಡಗಡೆಯ ಕಿಟಕಿಯ ಮುಂದೆ ವಿನಯದಿಂದ ನಿಂತು, "ತಮ್ಮ ಹೆಸರೇನು?" ಎಂದು ಬರೆದಳು.

ಥಳಕಾಕ್ಷ ಬಿದ್ದು ಬಿದ್ದು ನಕ್ಕ. "ಆಜ್ಞೆ ಕೊಡೋಳು ಹೆಸರು ಕೇಳ್ತಾಳೆ, ನೋಡ್ರಪ್ಪಾ!"

"ಇದು ಆಜ್ಞೆಯಲ್ಲ, ಪ್ರಶ್ನೆ. ಹೆಸರು ಕೇಳದೆ ಕೆಲಸ ಹೇಳುವುದು ನಮ್ಮ ಮನೆಯಲ್ಲಿ ಪದ್ಧತಿಯಿಲ್ಲ."

ಕೇಳಿದರೆ ಕಂಪ್ಯೂಟರು ಸುಳ್ಳು ಹೇಳುವುದಿಲ್ಲ. ಎಡಗಡೆಯ ಕಿಟಕಿ, "ನಾನು ಆಟದ ವರ್ಣಗಿರಿ" ಎಂದಿತು. ಬಲಗಡೆಯದನ್ನೂ ಹಾಗೆಯೇ ಕೇಳಿದಾಗ ಅದು ನಿದ್ದೆಯಿಂದೆದ್ದಂತೆ ಮೆಲ್ಲಗೆ ಹೇಳಿತು: "ನಾನು ನಿಜದ ವರ್ಣಗಿರಿ, ತಾಯಿ. ಬೆಳಿಗ್ಗೆ ಬಂದವರು ಹೆಸರು ಕೇಳಲೇ ಇಲ್ಲ. 'ಬಣ್ಣವೆಲ್ಲ ಅಳಿಸು' ಅಂದರು. ಅಳಿಸಿಬಿಟ್ಟೆ."

ಪರದೆಯಾಚೆ ರಾಜನ ಮುಖ ಇಳಿಯಿತು. "ಅಯ್ಯೋ, ಅದು ನಾನು..." ಎಂದು ತೊದಲಿದ. "ಬಣ್ಣವಿಲ್ಲದೆ ಹೇಗೆ ಕಾಣುತ್ತದೆಂದು ಆಟಕ್ಕೆ ನೋಡಿ ಎಂದು ಇವನೇ ಹೇಳಿದ. ಎಡಗಡೆಯದು ನಿಜದ್ದು, ಬಲಗಡೆಯದು ಆಟದ್ದು ಅಂದಿದ್ದ!"

ಮಲಯವತಿ ಬಲಗಡೆಯ ಕಿಟಕಿಯಲ್ಲಿ ಮುತ್ತಜ್ಜಿಯ ಪ್ರೋಗ್ರಾಮನ್ನು ನಡೆಸಿದಳು. ಥಳಕಾಕ್ಷನ ಮೇಲಂಗಿಯಲ್ಲಿ ಅಡಗಿದ್ದ ಬಣ್ಣಗಳು ಒಂದೊಂದಾಗಿ ಕಳಚಿಕೊಂಡು ಹೊರಟವು. ಮೊದಲು ಗಿಳಿಗಳ ಹಸಿರು, ಆಮೇಲೆ ದಾಸವಾಳದ ಕೆಂಪು, ಆಮೇಲೆ ಮಾವಿನ ಹಳದಿ. ಬಣ್ಣಗಳೆಲ್ಲ ಹೋದ ಮೇಲೆ ಅವನಲ್ಲಿ ಉಳಿದದ್ದು ಏನೂ ಇರಲಿಲ್ಲ. ಕಂಪ್ಯೂಟರಿನ ಉಸಿರಿಗೆ ತೂರಿ ಎಲ್ಲೋ ಹೋದ.

ಮದುಮಗಳು ಸೀರೆ ಉಟ್ಟಳು. ಜನ ಮುಳುಗುವ ಸೂರ್ಯನ ಕೆಂಪನ್ನು ಕಣ್ತುಂಬ ನೋಡಿ ಮನೆಗೆ ಹೋದರು, ಉಂಡರು, ಸುಖವಾಗಿ ಬಾಳಿದರು.

ಆದರೆ ಅದಕ್ಕೆ ಮುಂಚೆ ಸಭೆಯಲ್ಲಿ ಒಂದು ಕೆಲಸ ಬಾಕಿಯಿತ್ತು. ಪರದೆಯಿಂದ ಹೊರಬಂದ ಮಲಯವತಿಗೆ ರಾಜ ತನ್ನ ಕೊರಳಿನ ಹಾರ ತೆಗೆದು ನೀಡಿದ. ಅವಳು ಕೈ ಚಾಚಲಿಲ್ಲ. ಒಂದು ಊರು ಉಂಬಳಿ ಕೊಡುತ್ತೇನೆಂದ. ಅವಳು ಬೇಡವೆಂದು ತಲೆಯಾಡಿಸಿದಳು. ರಾಜ ಮೆಲ್ಲಗೆ, "ಮತ್ತೇನು ಬೇಕಮ್ಮ?" ಎಂದ.

"ತಾವು ಅಕ್ಕರಮನೆಯನ್ನು ಹುಳುಕು ಎಂದದ್ದು ಇದೇ ಸಭೆಯಲ್ಲಿ, ಇವರೆಲ್ಲರ ಮುಂದೆ" ಎಂದಳು ಮಲಯವತಿ. "ಇವರೆಲ್ಲರ ಮುಂದೆಯೇ ಕ್ಷಮೆ ಕೇಳಿ."